ಪಾಟಿಯ ಮೇಲೆ ಆಯಿಯ ಹೆಸರು

ಮಳೆ ಜೋರಾಯಿತೆಂದು ಮಗಳು ಮನೆಯ ಗಾಜಿನ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದಳು. ಉಸಿರು ಕಟ್ಟಿದಂತಾಗಿ ನನಗೆ ಸೇಡಂನ ನಮ್ಮ ಹಳೇ ಮನೆ ನೆನಪಾಯಿತು.

ನನ್ನ ಅಜ್ಜಿಗೆ ದಮ್ಮು. ಅವಳನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಒಲೆಯ ಹೊಗೆ, ತೆರೆದರೆ ಹಾಸಿಗೆಯೆಲ್ಲ ನೀರು. ಕೊನೆಗೆ ಬಡಿಗ್ಯಾರ ಕಾಳಪ್ಪ ಕಾಕಾ ಬಂದು ಕಿಟಕಿ ಮುಚ್ಚಿದರೂ ಗಾಳಿ ಆಡಲೆಂದು ಅದರ ಚೌಕಟ್ಟಿನ ಮೇಲುಪಟ್ಟಿಗೆ ಬೈರಿಗೆಯಿಂದ ಸಾಲಾಗಿ ತೂತು ಕೊರೆದರು. ನೀರು ಬರುತ್ತದೋ ಇಲ್ಲವೋ ನೋಡಲು ನನ್ನ ಕೈಗೆ ನಾನು ಶಾಲೆಯಲ್ಲಿ ಬರೆಯುವ ಪಾಟಿ ಕೊಟ್ಟು ಕಿಟಕಿಯ ಕೆಳಗೆ ಕೂರಿಸಿದರು. ನಮ್ಮ ಶಾಲೆಗೆ ಉರ್ದು ಹೋಗಿ ಕನ್ನಡ ಬಂದ ಹೊಸತು.

“ನನ್ನ ಹೆಸರು ಕನ್ನಡದಾಗ ಹ್ಯಾಂಗ ಕಾಣ್ತದ, ಬರದು ತೋರ್ಸು ತಂಗಿ,” ಅಂದಳು ಓದು ಬಾರದ ಆಯಿ.

ಬಳಪದಲ್ಲಿ ‘ನಾಗಮ್ಮ’ ಎಂದು ಬರೆದೆ. ಕಾಕಾ ಹೊರಗಿನಿಂದ ಕೊಡದ ನೀರು ಎರಚಿದರು. ಹೆಸರು ಅಳಿಸಿಹೋಯಿತು. ಆಯಿ ನಕ್ಕಳು, ಕಾಕಾನ ಮುಖ ಸಣ್ಣದಾಯಿತು.

ಮರುದಿನ ಅವರು ಆ ತೂತುಗಳಿಗೆ ಬೆಣೆ ಬಡಿದು, ಹೊಸದಾಗಿ ಓರೆ ತೂತು ಕೊರೆದರು. ಹೊರಬಾಯಿ ಕೆಳಗೆ, ಒಳಬಾಯಿ ಮೇಲೆ.

“ನೀರಿಗಿ ಏರಲಿಕ್ಕಿ ಬರಂಗಿಲ್ಲರಿ ಆಯಿ, ಗಾಳಿಗಿ ಬರ್ತದ.”

ಮತ್ತೆ ಬರೆದೆ, ಮತ್ತೆ ಎರಚಿದರು. ಹೆಸರು ಉಳಿಯಿತು. ಆ ಪಾಟಿಯನ್ನು ಒರೆಸಲು ಆಯಿ ಬಿಡಲೇ ಇಲ್ಲ, ತಲೆದೆಸೆಯಲ್ಲಿ ಇಟ್ಟುಕೊಂಡಳು. ನಾನು ಆ ವರ್ಷವೆಲ್ಲ ಅಣ್ಣನ ಒಡಕು ಪಾಟಿ ಹಿಡಿದು ಶಾಲೆಗೆ ಹೋದೆ.

ಈಗ ಮಗಳ ಮನೆಯ ಕಿಟಕಿಗೆ ಒಳಗಿನಿಂದಲೇ ಹಬೆ ಹಿಡಿದಿದೆ. ಬೆರಳಿನಿಂದ ‘ನಾಗಮ್ಮ’ ಎಂದು ಬರೆದೆ. ಹೊರಗಿನ ಮಳೆಯ ಒಂದು ಹನಿಯೂ ಒಳಬಂದಿಲ್ಲ. ಆದರೂ ಅಕ್ಷರಗಳು ನೀರಾಗಿ ಇಳಿದುಹೋದವು.