ಕ್ಯಾಂಪಿನವಳು ಮತ್ತು ಕೊರಿಯಾದ ಹುಡುಗಿಯರು

ನನಗೆ ಈಚೆಗೆ ಒಂದು ಚಟ ಅಂಟಿದೆ. ಐವತ್ತು ದಾಟಿದ ವಿಜ್ಞಾನದ ಟೀಚರು, ಹೊಸಪೇಟೆಯ ಹೆಂಗಸು, ಮೊಬೈಲ್ ಹಿಡಿದು ಓದುವುದೇನು ಅಂದರೆ ಅಮೆರಿಕದಲ್ಲೋ ಜಪಾನಿನಲ್ಲೋ ಬೆಳೆದ ಕೊರಿಯಾದ ಹುಡುಗಿಯರ ಕಾದಂಬರಿಗಳು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಓದಿ ಮುಗಿಸಿದ ಮೇಲೆ ಮಾತ್ರ ಕೂತಲ್ಲಿ ಕೂರಲಾಗುವುದಿಲ್ಲ.

ಕಥೆ ಹೆಚ್ಚುಕಡಿಮೆ ಒಂದೇ. ಹುಡುಗಿ ಶಾಲೆಯಲ್ಲಿ ಊಟದ ಡಬ್ಬಿ ತೆರೆಯುತ್ತಾಳೆ, ಕಿಮ್ಚಿ ಎಂಬ ಅವರ ಉಪ್ಪಿನಕಾಯಿಯ ಹುಳಿ ವಾಸನೆಗೆ ಸುತ್ತಲಿನವರು ಮೂಗು ಮುಚ್ಚುತ್ತಾರೆ. ದೊಡ್ಡವಳಾಗಿ ತನ್ನ ಬೇರು ಹುಡುಕುತ್ತ ಸಿಯೋಲ್‌ಗೆ ಹೋಗುತ್ತಾಳೆ. ಅಲ್ಲಿ ಟ್ಯಾಕ್ಸಿಯವನು, 'ಪರದೇಶದವಳಾದರೂ ನಮ್ಮ ಭಾಷೆ ಚೆನ್ನಾಗಿ ಆಡುತ್ತೀಯಮ್ಮ' ಅನ್ನುತ್ತಾನೆ. ಅಷ್ಟಕ್ಕೆ ಅವಳೂ ಅಳುತ್ತಾಳೆ, ನಾನೂ ಅಳುತ್ತೇನೆ.

ಅವಳು ಅಳುವುದು ಸರಿ, ನಿಮಗೇನಾಯಿತು ಅನ್ನುವಿರಿ. ಹೇಳಿಬಿಡುತ್ತೇನೆ. ಯಾರಾದರೂ ಊರು ಕೇಳಿದರೆ ಮೂವತ್ತು ವರ್ಷದಿಂದ ನಾನು 'ಕಂಪ್ಲಿ' ಅನ್ನುತ್ತ ಬಂದಿದ್ದೇನೆ. ಅದು ಅರ್ಧ ಸತ್ಯ. ನಮ್ಮದು ಕಂಪ್ಲಿಯಿಂದಾಚೆ ಒಂದು ಕ್ಯಾಂಪು. ತುಂಗಭದ್ರೆಯ ಕಾಲುವೆಗೆ ನೀರು ಬಂದಾಗ ಆಂಧ್ರದಿಂದ ಬಂದು ಭತ್ತ ನಾಟಿ ಮಾಡಿದವರ ಊರುಗಳಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾಳೆ ಗುಡಾರ ಕಿತ್ತು ಹೊರಡುವವರ ಜಾಗಕ್ಕಲ್ಲವೇ ಕ್ಯಾಂಪು ಅನ್ನುವುದು? ನಮ್ಮಜ್ಜ ಬಂದಿಳಿದಲ್ಲಿ ಅಣ್ಣನ ಮಕ್ಕಳು ಮೂರಂತಸ್ತು ಕಟ್ಟಿದ್ದಾರೆ. ಹೆಸರು ಮಾತ್ರ ಇನ್ನೂ ಕ್ಯಾಂಪೇ.

ಶಾಲೆಯಲ್ಲಿ ನಾನೂ ಗೋಂಗೂರ ಚಟ್ನಿಗೆ ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ತಿಂದವಳೇ. ಪಕ್ಕದವಳ ರೊಟ್ಟಿಯ ಮೇಲಿದ್ದ ಪುಂಡಿಪಲ್ಲೆಯೂ ಅದೇ ಸೊಪ್ಪಿನದು ಎಂದು ತಿಳಿಯಲು ವಿಜ್ಞಾನದ ಡಿಗ್ರಿಯೇ ಬೇಕಾಯಿತು. ಬೇರು ಹುಡುಕುವುದನ್ನೂ ಬಿಡಲಿಲ್ಲ. ಒಮ್ಮೆ ಅಜ್ಜನ ಊರಿಗೆ ಹೋಗಿ ನಾಲ್ಕು ದಿನ ಇದ್ದೆ. ದೂರದ ಸಂಬಂಧದ ದೊಡ್ಡಮ್ಮ, ಅಲ್ಲಿಯ ಮಾತಿನಲ್ಲಿ ಪೆದ್ದಮ್ಮ, ಬಾಯ್ತುಂಬ ಹೊಗಳಿದರು: 'ಕರ್ನಾಟಕದ ಅಮ್ಮಾಯಿ ಆದರೂ ತೆಲುಗು ಎಷ್ಟು ಚೆಂದ!' ಆ ಹೊಗಳಿಕೆ ಈಗಲೂ ಉರಿಯುತ್ತದೆ.

ನಮ್ಮ ಓಣಿಯ ಏಳೆಂಟು ಹೆಂಗಸರು ಭಾನುವಾರ ರೈಸ್‌ಮಿಲ್ಲಿನ ಗಿರಿಜಕ್ಕನ ಮನೆಯಲ್ಲಿ ಸೇರುತ್ತೇವೆ. ಒಬ್ಬರು ತಾವು ಓದಿದ ಪುಸ್ತಕದ ಕಥೆ ಹೇಳಬೇಕು. ಹತ್ತು ನಿಮಿಷ ಪುಸ್ತಕ, ಆಮೇಲೆ ಒಂದು ಗಂಟೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಈ ಸಲ ನನ್ನ ಸರದಿ. ಕೊರಿಯಾದ ಹುಡುಗಿಯ ಕಥೆ ಹೇಳಿ ನನ್ನದನ್ನು ನುಂಗಿಕೊಂಡರೆ ಅವಳಿಗೇ ದ್ರೋಹ. ಹೇಳಿದರೋ, ಇಷ್ಟು ವರ್ಷ 'ನಮ್ಮ ಟೀಚರು' ಅಂದವರು ನಾಳೆಯಿಂದ 'ಕ್ಯಾಂಪಿನವಳು' ಅಂದುಬಿಟ್ಟರೆ? ನನಗೆ ನಿಜವಾಗಿ ಹೆದರಿಕೆಯಾಗಿತ್ತು. ವಾರವಿಡೀ ಪಡಸಾಲೆಯಲ್ಲಿ ಶತಪಥ ಹಾಕಿದೆ.

ಭಾನುವಾರ ಕಥೆ ಹೇಳಿ ಮುಗಿಸಿದೆ. "ಪಾಪ, ಎಲ್ಲೀ ಹುಡುಗೀನೋ, ಭಾಳ ದೂರದ ಕಥಿ," ಅಂದರು ಗಿರಿಜಕ್ಕ. "ದೂರದ್ದಲ್ರೀ ಅಕ್ಕಾ," ಎಂದು ಶುರುಮಾಡಿ ಕ್ಯಾಂಪು, ಅಜ್ಜ, ಪೆದ್ದಮ್ಮ ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಕ್ಕ ಮಂಡಕ್ಕಿಯ ತಟ್ಟೆ ನನ್ನ ಕಡೆ ಸರಿಸಿದರು. "ಇದನ್ನೇನು ಗುಟ್ಟು ಅಂತ ಹೇಳ್ತೀರಿ? ನಮಗ ಯಾವಾಗೋ ಗೊತ್ತೈತ್ರಿ."

ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಮೂವತ್ತು ವರ್ಷ ಬಚ್ಚಿಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ! "ಮತ್ತ ಒಬ್ಬರೂ ಯಾಕ ಕೇಳಲಿಲ್ರಿ?" ಅಂದೆ.

"ಕೇಳೂದೇನೈತ್ರಿ ಟೀಚರ್ರ? ಹೋದ ವರ್ಷ ನಿಮ್ಮ ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಂದ್ರಿಸಿದವಗ ಕನ್ನಡದಾಗ ಬೈಯೂದು ಶುರು ಮಾಡಿ ತೆಲುಗಿನ್ಯಾಗ ಮುಗಿಸಿದ್ರಿ. ಓಣಿ ಮಂದೆಲ್ಲ ಹೊರಗ ನಿಂತು ಕೇಳೀವಿ. ತಮ್ಮದಲ್ಲದ ಊರಾಗ ನಿಂತು ಯಾರರ ಹಂಗ ಜಗಳಾ ಮಾಡ್ತಾರೇನ್ರಿ?"

ಊರು ಯಾವುದು ಎಂದರೆ ಏನನ್ನಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಆದರೆ ಆ ಟ್ರ್ಯಾಕ್ಟರಿನವನು ಇನ್ನೊಮ್ಮೆ ಬಂದು ನಿಲ್ಲಿಸಲಿ, ಎರಡೂ ಭಾಷೆಯಲ್ಲಿ ತಯಾರಿದ್ದೇನೆ.