ಕುರಿಗೆ ಎಟುಕದ ತೊಟ್ಟಿ

ದಿನಚರಿಯ ಪ್ರಕಾರ ಅದು ಸೋಮವಾರ. ಅಥಣಿ ಕಡೆಯ ಹಳ್ಳಿಯೊಂದರ ಪಂಚಾಯಿತಿಯಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಜಾನುವಾರುಗಳಿಗೆ ಸಿಮೆಂಟಿನ ನೀರಿನ ತೊಟ್ಟಿ ಖರೀದಿಸಬೇಕಿತ್ತು. ಶುಕ್ರವಾರ ಟೆಂಡರ್ ಕರೆಯುವುದೆಂದು ನಿಶ್ಚಯವಾಗಿತ್ತು. ಅದಕ್ಕೂ ಮೊದಲು ತೊಟ್ಟಿಯ ಅಳತೆ, ಇಡುವ ಜಾಗ ಎಲ್ಲವನ್ನೂ ಆನ್‌ಲೈನ್ ಹಾಳೆಯೊಂದರಲ್ಲಿ ಹಾಕಿ, ಯಾರು ಬೇಕಾದರೂ ಟಿಪ್ಪಣಿ ಬರೆಯುವಂತೆ ಊರಿನ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸೋಣವೇ ಎಂದು ಕೇಳಿದೆ.

ನಮ್ಮ ಅಧಿಕಾರಿ ಕನ್ನಡಕ ತೆಗೆದರು. "ಊರ ಮಂದೀನ ಕೇಳಿದ್ರ ತೊಟ್ಟಿ ಬರೂದಿಲ್ಲವ್ವಾ, ಜಗಳ ಬರ್ತೈತಿ. ಬಂತಂದ್ರ ನೀನ ಬಿಡಿಸಬೇಕ ನೋಡು."

ಅದನ್ನೇ ಒಪ್ಪಿಗೆ ಎಂದುಕೊಂಡು ಲಿಂಕ್ ಕಳಿಸಿದೆ. ಬುಧವಾರ ಸಂಜೆಗೆ ಮೂವತ್ತೊಂದು ಉತ್ತರ. ಎಣಿಸಿ ಬರೆದುಕೊಂಡೆ: ಕೈ ಮುಗಿದ ಚಿತ್ರ ಹತ್ತೊಂಬತ್ತು, 'ನಮ್ಮ ಓಣಿಗೇ ಬೇಕು' ಎಂಬುದು ಒಂಬತ್ತು, ಮರಾಠಿಯಲ್ಲಿ ಹುಟ್ಟುಹಬ್ಬದ ಶುಭಾಶಯ ಎರಡು. ಅದು ಯಾರಿಗೆಂದು ಈಗಲೂ ಗೊತ್ತಿಲ್ಲ.

ಉಳಿದದ್ದು ಒಂದು ಫೋಟೊ. ಊರಂಚಿನ ಕುರಿಗಾರ ಕಾಕಾ ತಮ್ಮ ಮನೆಯ ಗೋಡೆಗೆ, ನಾನು ನಮೂದಿಸಿದ್ದ ಮೂರಡಿ ಎತ್ತರಕ್ಕೆ ಸರಿಯಾಗಿ, ಇದ್ದಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ಕುರಿಯೊಂದನ್ನು ನಿಲ್ಲಿಸಿದ್ದರು. ಗೆರೆ ಕುರಿಯ ಬೆನ್ನಿಗಿಂತ ಮೇಲಿತ್ತು. ಜೊತೆಗೆ ಅವರ ಧ್ವನಿ: "ಯವ್ವಾ, ನನ್ನ ಕುರಿ ಏಣಿ ಹಚ್ಚಿ ನೀರ ಕುಡಿಬೇಕೇನ?"

ಆ ಅಳತೆಯನ್ನು ಪಕ್ಕದೂರಿನ ಹಳೆಯ ಅಂದಾಜುಪಟ್ಟಿಯಿಂದ ಇಳಿಸಿಕೊಂಡವಳು ನಾನೇ. ಅಲ್ಲಿ ಎಮ್ಮೆಗಳೇ ಹೆಚ್ಚು. ನಮ್ಮಲ್ಲಿ ಹಳ್ಳ ಬತ್ತಿದ ಮೇಲೆ ಕಾಕಾನ ಕುರಿಗಳಿಗೆ ಬರಲಿರುವ ಆ ತೊಟ್ಟಿ ಬಿಟ್ಟರೆ ಬೇರೆ ನೀರಿಲ್ಲ. ಕಚೇರಿಯಲ್ಲಿ ಮೂವರು ಓದಿ ಸಹಿ ಹಾಕಿದ್ದರು. ಮೂವರ ಮನೆಯಲ್ಲೂ ಇರುವುದು ಎಮ್ಮೆ.

ಗುರುವಾರ ಬೆಳಿಗ್ಗೆ ಟೇಪು ಹಿಡಿದು ಕಾಕಾನ ಹಟ್ಟಿಗೆ ಹೋದೆ. ಅವರು ಕುರಿಯ ಕತ್ತು ಬಗ್ಗಿಸಿ ಹಿಡಿದರು, ನಾನು ಅಳೆದೆ. ಒಂದೂವರೆ ಅಡಿ. ಒಂದು ಎತ್ತರದ ತೊಟ್ಟಿ, ಪಕ್ಕದಲ್ಲೊಂದು ತಗ್ಗಿನದು ಎಂದು ಹಾಳೆ ತಿದ್ದಿ, ಅಧಿಕಾರಿಗೆ ಫೋಟೊ ತೋರಿಸಿದೆ. ಬೈಗುಳಕ್ಕೆ ಕಾಯುತ್ತ ನಿಂತೆ.

"ನಮ್ಮ ಮೂರು ಸಹಿಗಿಂತ ಈ ಇದ್ದಲಿ ಗೆರಿ ಛಲೋ ಐತಿ," ಎಂದು ನಕ್ಕು, ತಿದ್ದಿದ ಹಾಳೆಗೆ ಒಪ್ಪಿಗೆ ಕೊಟ್ಟರು.

ಶುಕ್ರವಾರ ಟೆಂಡರ್ ಹೋಯಿತು. ಆ ಮಧ್ಯಾಹ್ನ ಎರಡು ರೊಟ್ಟಿ ತಿಂದೆ. ಬುಧವಾರದಿಂದ ಒಂದೂ ಪೂರ್ತಿ ಇಳಿದಿರಲಿಲ್ಲ.

ಬೇಸಿಗೆಯಲ್ಲಿ ತಗ್ಗಿನ ತೊಟ್ಟಿ ತುಂಬಿದ ಮೊದಲ ದಿನ ಕಾಕಾನ ಕುರಿಗಳನ್ನು ಎಣಿಸಲೆಂದೇ ಹೋಗಿದ್ದೆ. ಕುರಿಗಳು ಒಂದರ ಮೇಲೊಂದು ನುಗ್ಗಿ ಕುಡಿಯುತ್ತಿದ್ದವು. ಇಪ್ಪತ್ತರವರೆಗೆ ಬಂದು ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಲಿಲ್ಲ.