ಸೋಮವಾರದ ಮೀನು

ಅವತ್ತು ಸೋಮವಾರವೇ ಆಗಿತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಾನು ಹೇಳಹೊರಟಿರುವ ಕಥೆಗೆ ಸೋಮವಾರ ಬೇಕು. ಬೇಕಾದದ್ದನ್ನು ನೆನಪು ಎಲ್ಲಿಂದಾದರೂ ಹುಡುಕಿ ತಂದುಕೊಡುತ್ತದೆ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿದ ಚಟ ಇದು. ಮನೆಯಲ್ಲಿ ಯಾರು ಏನು ಹೇಳಿದರೂ ‘ನೀವು ಕಣ್ಣಾರೆ ನೋಡಿದ್ರಾ?’ ಎಂದು ಕೇಳಿ ಸಾಕಷ್ಟು ಬೈಸಿಕೊಂಡಿದ್ದೇನೆ. ಆ ಪ್ರಶ್ನೆಯಿಂದ ನನ್ನ ನೆನಪಿಗೊಂದಕ್ಕೇ ವಿನಾಯಿತಿ ಕೊಡಲಾಗುವುದಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಕೆರೆ. ಅದರ ಏರಿಯ ಕೆಳಗೇ ನನ್ನ ದೊಡ್ಡವ್ವನ ಮನೆ. ಬೇಸಿಗೆಯಲ್ಲಿ ಏರಿಯ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆರೆಯನ್ನು ಹಕ್ಕಿಗಳಿಗಾಗಿ ಕಾಯ್ದಿಟ್ಟ ಮೇಲೆ ಮರ ಕಡಿಯುವಂತಿಲ್ಲ, ಪಟಾಕಿ ಹೊಡೆಯುವಂತಿಲ್ಲ. ಗದ್ದೆಗೆಂದು ತೂಬು ಎತ್ತಿದರೂ ಮೀನು ಬದುಕುವಷ್ಟು ನೀರನ್ನು ತಳದಲ್ಲಿ ಉಳಿಸಬೇಕು. ಊರಿನವರು ಗೊಣಗುತ್ತಲೇ ಒಪ್ಪಿಕೊಂಡಿದ್ದಾರೆ. ದೊಡ್ಡವ್ವ ದಿನಾ ಬೆಳಿಗ್ಗೆ ಅಂಗಳದ ಹಿಕ್ಕೆ ಗುಡಿಸುತ್ತ ಕೊಕ್ಕರೆಗಳ ವಂಶವನ್ನೆಲ್ಲ ಬೈಯುತ್ತಾಳೆ. ಯಾರಾದರೂ ಮರಕ್ಕೆ ಕಲ್ಲು ಬೀರಿದರೆ ಅದೇ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ.

ಕೆಲವು ವರ್ಷಗಳ ಹಿಂದೆ ನಾನು ಅಲ್ಲಿದ್ದಾಗ, ಮಳೆಗೆ ಮುಂಚಿನ ಗಾಳಿಗೆ ಕೊಂಬೆಯೊಂದು ಮುರಿದು ಕೊಕ್ಕರೆ ಮರಿ ಕೆಳಗೆ ಬಿತ್ತು. ಕೆರೆ ಕಾಯಲು ಹೊಸದಾಗಿ ಸೇರಿದ್ದ ವಾಚರ್ ಬೆಳಿಗ್ಗೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ಬಿದ್ದ ಮರಿಗಳನ್ನು ಸಾಕುವ ಜಾಗ ದೂರವಿತ್ತು. ಜೀಪು ಮಾರನೆಯ ದಿನ ಬರುತ್ತದೆಂದು ಫೋನಿನಲ್ಲಿ ಹೇಳಿದ್ದರಂತೆ. ಅಲ್ಲಿಯವರೆಗೆ ಮರಿ ಬದುಕಿರಬೇಕಿತ್ತು.

“ಒಂದಿನ ಮಡಿಕೊಳ್ಳಿ ದೊಡ್ಡವ್ವ. ಮೀನೂ ತಂದಿವ್ನಿ.”

“ಇವತ್ತು ಯಾವ ವಾರ್ಲಾ?”

“ಸ್ವಾಮಾರ.”

“ಮಾದಪ್ಪನ ವಾರದಲ್ಲಿ ಮೀನು ತಂದು ಅಲ್ಲು ಕಿರೀತಾ ನಿಂತವ್ನೆ. ವಸ್ಲು ತುಳುದ್ರೆ ಕಾಲು ಮುರುದ್ಬುಡ್ತೀನಿ.”

ಕೊಟ್ಟಿಗೆಯಲ್ಲಿಡೋಣ ಎಂದೆ.

“ಅಲ್ಲಿ ಬಸವ ಅವ್ನೆ. ಅವ್ನೂ ನಿನ್ನಂಗೆ ವಾರ ಗೀರ ಇಲ್ದೆ ತಿನ್ನೋನು ಅನ್ಕೊಂಡಾ?”

ಕೊನೆಗೆ ಬಚ್ಚಲ ಪಕ್ಕದ ಸೌದೆ ಒಟ್ಟುವ ಮಾಡು ಆಗಬಹುದೆಂದು ಅವಳೇ ತೀರ್ಪು ಕೊಟ್ಟಳು. ದೇವರು ಅಷ್ಟು ದೂರ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಮರಿಯೇ ಒಂದು ಕೋಳಿಯಷ್ಟು ದೊಡ್ಡದಿತ್ತು. ಮೈತುಂಬ ಕೊಳೆಯಾದ ಹತ್ತಿಯಂಥ ತುಪ್ಪುಳ. ನಾನು ಬಕೆಟ್ಟಿನಿಂದ ಒಂದು ಸಣ್ಣ ಮೀನು ತೆಗೆದು ಕೊಕ್ಕಿನ ಮುಂದೆ ಆಡಿಸಿದೆ. ಮರಿ ಹಿಂದೆ ಸರಿಯಿತು. ವಾಚರ್ ಕೊಕ್ಕು ಬಿಡಿಸಿ ತುರುಕಿದ, ಉಗುಳಿತು. ಮಧ್ಯಾಹ್ನದ ಹೊತ್ತಿಗೆ ಅದರ ಕತ್ತು ಸೌದೆಗೆ ಒರಗಿತ್ತು.

“ಅಷ್ಟೊಂದು ಓದಿದ್ದೀಯ, ಒಂದು ಮರಿಗೆ ಉಣ್ಸಾಕೆ ಬರಾಕಿಲ್ವಲ್ಲೋ ನಿಂಗೆ” ಎಂದಳು ದೊಡ್ಡವ್ವ, ದೂರದಿಂದಲೇ. ಆಮೇಲೆ ದನಿ ತಗ್ಗಿಸಿ, “ಸಾಯ್ತದೆ ಕಣ್ಲಾ ಅದು” ಎಂದಳು.

ಒಳಗೆ ಹೋದವಳು ಬಚ್ಚಲೊಲೆಯ ಕೆಂಡ ತೆಗೆಯುವ ಇಕ್ಕಳ ಹಿಡಿದು ಬಂದಳು. ಸೆರಗನ್ನು ಮೂಗಿಗೆ ಒತ್ತಿ, ಮುಖ ಅತ್ತ ತಿರುಗಿಸಿ, ತೋಳನ್ನು ಆದಷ್ಟೂ ಉದ್ದಕ್ಕೆ ಚಾಚಿ ಒಂದು ಮೀನು ಎತ್ತಿದಳು. ನೋಡದೆ ಹಿಡಿದದ್ದಕ್ಕೆ ಮೀನು ಜಾರಿ ಮರಿಯ ಕಾಲಬುಡಕ್ಕೆ ಬಿತ್ತು. ಮರಿ ಕತ್ತೆತ್ತಿತು. ಮೀನನ್ನು ಹೆಕ್ಕಿ ನುಂಗಿತು.

ದೊಡ್ಡವ್ವ ಇನ್ನೊಂದು ಬೀಳಿಸಿದಳು. ಅದೂ ಹೋಯಿತು.

“ನಾನು ಮುಟ್ಟಿಲ್ಲ ಕಣಪ್ಪ ಮಾದಪ್ಪ, ಇಕ್ಕಳ ಮುಟ್ಟೈತೆ” ಎನ್ನುತ್ತ ಸಂಜೆಯೊಳಗೆ ಬಕೆಟ್ ಖಾಲಿ ಮಾಡಿದಳು. ಆಮೇಲೆ ಇಕ್ಕಳವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತಲೆಗೆ ನೀರು ಹಾಕಿಕೊಂಡೇ ದೀಪ ಹಚ್ಚಿದಳು.

ನನಗೆ ನೆನಪಿರುವುದು ಇಷ್ಟು. ದೊಡ್ಡವ್ವನ ಮಗಳು, ನಮ್ಮಕ್ಕ, ಒಪ್ಪುವುದಿಲ್ಲ. “ಇಕ್ಕಳನೂ ಇಲ್ಲ ಗಿಕ್ಕಳನೂ ಇಲ್ಲ. ಅವ್ವ ಹಳೇ ಮೊರದಲ್ಲಿ ತಂದು ದೂರದಿಂದ ಸುರುದ್ಲು. ಅವತ್ತು ಮಂಗ್ಳವಾರ” ಎನ್ನುತ್ತಾಳೆ. ದೊಡ್ಡವ್ವನನ್ನೇ ಕೇಳಿದರೆ ಇನ್ನೂ ಕಷ್ಟ. “ನಾನಾ? ಸ್ವಾಮಾರ ಮೀನಿನ ತಂಟೆಗೆ ಓಗಿದ್ನಾ? ನಿಂಗೆಲ್ಲೋ ಕನಸು ಬಿದ್ದಿರ್ಬೇಕು” ಎಂದು ನಗುತ್ತಾಳೆ. ಆ ನಗು ಸಾಕ್ಷಿಯೋ ಅಲ್ಲವೋ, ನನಗೆ ತೀರ್ಮಾನಿಸಲಾಗಿಲ್ಲ.

ಮಾರನೆಯ ದಿನ ಜೀಪು ಬಂದಾಗ ಮರಿ ಎದ್ದು ನಿಂತು ನನ್ನ ಬೆರಳು ಕುಕ್ಕಿತು. ಮಳೆಗಾಲದಲ್ಲಿ ಅದನ್ನು ಬೇರೆ ಮರಿಗಳ ಜೊತೆ ತಂದು ಇದೇ ಕೆರೆಯಂಚಿನಲ್ಲಿ ಬಿಟ್ಟರು. “ಅಗೋ, ಕುಂಟೋ ಹಂಗೆ ಮಾಡ್ತದಲ್ಲ, ಅದೇ ನಮ್ಮದು” ಎಂದು ದೊಡ್ಡವ್ವ ತೋರಿಸಿದಳು. ನನಗೆ ಎಲ್ಲವೂ ಒಂದೇ ಥರ ಕಂಡವು. ಗುರುತು ಏನು ಎಂದು ಬಾಯಿಗೆ ಬಂದ ಪ್ರಶ್ನೆಯನ್ನು ಅವತ್ತು ನುಂಗಿಕೊಂಡೆ.

ಒಂದನ್ನು ಮಾತ್ರ ಆಮೇಲೆ ಪರೀಕ್ಷಿಸಿದ್ದೇನೆ. ಮೊದಲು ಪುಸ್ತಕದಲ್ಲಿ ಓದಿದೆ, ನಂಬಿಕೆ ಸಾಲದೆ ಮರುವರ್ಷ ಏರಿಯ ಮೇಲೆ ದುರ್ಬೀನು ಹಿಡಿದು ಕೂತು ನೋಡಿದೆ. ಬಣ್ಣದ ಕೊಕ್ಕರೆ ಮರಿಯ ಬಾಯಿಗೆ ಮೀನು ಇಡುವುದಿಲ್ಲ. ಬಗ್ಗಿ, ತಂದದ್ದನ್ನು ಗೂಡಿನ ತಳಕ್ಕೆ ಕಕ್ಕುತ್ತದೆ; ಮರಿಗಳು ಅಲ್ಲಿಂದ ಹೆಕ್ಕಿ ತಿನ್ನುತ್ತವೆ.